ಬಿಸಿಲಲ್ಲೂ ಸೋರಿದ ಜಗುಲಿ

ನವೆಂಬರ್ 9

ಪೂಜ್ಯ ಅತ್ತೆಯವರಿಗೆ ಕಿರಿಸೊಸೆಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನೀವು ಮಗಳ ಮನೆಗೆ ಹೊರಟ ಮೇಲೆ ಇಲ್ಲಿ ಬಿಕೋ ಎನ್ನುತ್ತಿದೆ. ನಿಮ್ಮ ಚಿಕ್ಕ ಮಗ ಲಾರಿ ಹತ್ತಿ ಹೋದರೆ ವಾರಕ್ಕೊಮ್ಮೆ ಮುಖ ತೋರಿಸುತ್ತಾರೆ. ಉಳಿದ ದಿನ ನಾನು ಮತ್ತು ಗೋಡೆ ಗಡಿಯಾರ, ಇಬ್ಬರೇ. ನಿಮ್ಮ ಕಿವಿಯ ಚಿಕಿತ್ಸೆ ಶುರುವಾಯಿತೇ? ನಾದಿನಿಯ ಮಗು ಈಗಲಾದರೂ ರಾತ್ರಿ ನಿದ್ದೆ ಮಾಡುತ್ತಿದೆಯೇ?

ನೀವು ಹೇಳಿ ಹೋದಂತೆ ಹಿತ್ತಲ ಜಗುಲಿಯನ್ನು ದಿನವೂ ಗುಡಿಸುತ್ತಿದ್ದೇನೆ. ಅಲ್ಲಿ ಎಲ್ಲವೂ ಸರಿಯಾಗಿದೆ. ತಗಡಿನ ಕೆಳಗೆ ಹೊಡೆದಿರುವ ಪ್ಲೈವುಡ್ ಸೀಲಿಂಗಿನಲ್ಲಿ ಅಂಗೈಯಷ್ಟು ಅಗಲದ ಒಂದು ಕಲೆ ಕಾಣಿಸಿದೆ. ಅದು ಅಂಥ ದೊಡ್ಡ ವಿಷಯವೇನಲ್ಲ.

ಮೊನ್ನೆ ನಿಮ್ಮ ದೊಡ್ಡ ಮಗ ಬಂದಿದ್ದರು. ಕಾಫಿ ಕುಡಿದು, ಜೇಬಿನಿಂದ ಟೇಪು ತೆಗೆದು ಜಗುಲಿಯ ಉದ್ದಗಲ ಅಳೆದರು. "ಏನಕ್ಕೆ ಭಾವ?" ಎಂದು ಕೇಳಿದೆ. "ಸುಮ್ನೆ, ಗೊತ್ತಿರ್ಲಿ ಅಂತ" ಎಂದರು. ಟೈರ್ ಅಂಗಡಿ ನಡೆಸುವವರು ಒಂದು ಜಗುಲಿಯನ್ನು ಸುಮ್ಮನೆ ಅಳೆಯುತ್ತಾರೆಯೇ? ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ನಿಮ್ಮ ವಿಧೇಯ ಸೊಸೆ


ನವೆಂಬರ್ 20

ಸೊಸೆಗೆ ಅತ್ತೆಯ ಆಶೀರ್ವಾದ.

ನಾವಿಲ್ಲಿ ಕ್ಷೇಮ ಎಂದು ಬರೆದಿದ್ದೀಯ. ಸೀಲಿಂಗ್ ಕ್ಷೇಮವಾಗಿಲ್ಲ ಎಂದು ನಿನ್ನ ಭಾವ ನಾದಿನಿಗೆ ಫೋನ್ ಮಾಡಿ ಹೇಳಿದನಂತೆ. ಅಂಗೈಯಷ್ಟು ಕಲೆಯಲ್ಲ, ಊಟ ಮಾಡಿ ಮಲಗಿದವನ ಹೊಟ್ಟೆಯ ಹಾಗೆ ಜೋತುಬಿದ್ದಿದೆಯಂತೆ. ಅವನು ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳುತ್ತಾನೆ, ನಿಜ. ಆದರೆ ನೀನು ಬೇರೆ ಎಲ್ಲವನ್ನೂ ಸಪ್ಪೆ ಮಾಡಿ ಬರೆಯುತ್ತೀಯ. ನಿಮ್ಮಿಬ್ಬರ ಮಧ್ಯೆ ನಾನು ಅಲ್ಲಿನ ರುಚಿಯನ್ನು ಊಹಿಸಿಕೊಳ್ಳಬೇಕು.

ಕಾಗದದ ಗೋಳೇಕೆ, ನೀನೂ ಫೋನ್ ಮಾಡಬಹುದಲ್ಲ ಎಂದು ನಿನ್ನ ನಾದಿನಿ ಕೇಳುತ್ತಾಳೆ. ಬೇಡ. ಫೋನಿನಲ್ಲಿ ನನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನಾನೇ ಕಟ್ಟಿಕೊಂಡು ಜಗಳಕ್ಕೆ ಬರುತ್ತೇನೆ. ಕಾಗದವಾದರೆ ಎರಡು ಸಲ ಓದಿ ಆಮೇಲೆ ಜಗಳಕ್ಕೆ ಬರಬಹುದು. ಚಿಕಿತ್ಸೆ ನಡೆಯುತ್ತಿದೆ. ವೈದ್ಯರು ಬಾಯಿ ಆಡಿಸುತ್ತಾರೆ, ನಾನು ತಲೆ ಆಡಿಸುತ್ತೇನೆ.

ತಗಡಿನ ಕೆಲಸದವನನ್ನು ಕರೆಸಿ ಸೋರುವ ಕಡೆ ಡಾಂಬರು ಹಾಕಿಸು. ಇನ್ನೊಂದು ಮಾತು. ಬಟ್ಟೆಗೆ ಬಣ್ಣ ಹಾಕುವ ನಿನ್ನ ಹಂಡೆಯನ್ನು ನಾನು ಹೇಳಿದಂತೆ ಅಟ್ಟಕ್ಕೆ ಹಾಕಿದ್ದೀಯ ತಾನೇ? ಅದು ಚೆಲ್ಲಿ ನನ್ನ ಬಿಳಿ ಹೊದಿಕೆಗಳೆಲ್ಲ ಗುಲಾಬಿಯಾದದ್ದನ್ನು ನಾನು ಮರೆತಿಲ್ಲ. ಒಂದನ್ನು ಇಲ್ಲಿಗೂ ತಂದಿದ್ದೇನೆ. ಅಳಿಯ ಅದನ್ನು ಹೊದ್ದು ಮಲಗಿದರೆ ಐಸ್ ಕ್ಯಾಂಡಿಯ ಹಾಗೆ ಕಾಣುತ್ತಾನೆ. ಪಾಪ, ಅವನ ಎದುರಿಗೆ ನಗುವ ಹಾಗಿಲ್ಲ.

ಅತ್ತೆ


ಡಿಸೆಂಬರ್ 2

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ತಗಡಿನವನು ಬಂದು ಡಾಂಬರು ಹಾಕಿಹೋದ. ಮರುದಿನವೇ ಸೋರಿತು. ಮತ್ತೆ ಕರೆಸಿದೆ. ಮೊಳೆಮೊಳೆಯ ತಲೆಗೂ ಡಾಂಬರು ಮೆತ್ತಿದ. ಮತ್ತೆ ಸೋರಿತು. "ಅಮ್ಮ, ಮೇಲೆ ಕೂದ್ಲು ಹೋಗೋಷ್ಟೂ ತೂತಿಲ್ಲ" ಎಂದು ಆಣೆ ಮಾಡುತ್ತಾನೆ. ಮಳೆ ನಿಂತು ಎಷ್ಟು ದಿನವಾಯಿತು, ಆಕಾಶದಲ್ಲಿ ಒಂದು ಮೋಡವಿಲ್ಲ. ಆದರೂ ಬೆಳಗಾಗುವ ಹೊತ್ತಿಗೆ ಸೀಲಿಂಗಿನಿಂದ ಟಪ್ ಟಪ್ ಎಂದು ನೀರು ಬೀಳುತ್ತದೆ. ನನಗಂತೂ ತಲೆ ಕೆಟ್ಟುಹೋಗಿದೆ.

ನಿಮ್ಮ ಮಗನಿಗೆ ಹತ್ತಿ ನೋಡಿ ಎಂದೆ. ಘಟ್ಟದ ತಿರುವಿನಲ್ಲಿ ಲಾರಿ ಇಳಿಸುವ ಮನುಷ್ಯ ಏಣಿಯ ಮೂರನೇ ಮೆಟ್ಟಿಲಿನಲ್ಲಿ ಕಣ್ಣು ಮುಚ್ಚಿಕೊಂಡರು. ಕೆಳಗಿಳಿದು "ಮೇಲೆ ಎಲ್ಲಾ ಚೆನ್ನಾಗಿದೆ" ಎಂದರು.

ಹಂಡೆ ಎಲ್ಲಿರಬೇಕೋ ಅಲ್ಲಿದೆ, ಅತ್ತೆ. ಚಿಂತೆ ಬೇಡ.

ಮಗುವಿಗೆಂದು ಒಂದು ಟೋಪಿ, ಒಂದು ಸ್ವೆಟರ್ ಹೆಣೆದು ಇದರ ಜೊತೆ ಕಳಿಸಿದ್ದೇನೆ. ಟೇಪಿನ ವಿಷಯಕ್ಕೆ ನೀವು ಉತ್ತರ ಬರೆಯಲಿಲ್ಲ. ಮರೆತಿರಬೇಕು.

ನಿಮ್ಮ ಸೊಸೆ


ಡಿಸೆಂಬರ್ 15

ಸೊಸೆಗೆ ಆಶೀರ್ವಾದ.

ಟೋಪಿ, ಸ್ವೆಟರ್ ಎರಡೂ ಸರಿಯಾಗಿ ಕೂತವು. ಮಗುವಿಗೆ ಹಾಕಿ ಬಿಸಿಲಿಗೆ ಕೂರಿಸಿದರೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. ಹಳದಿಯೂ ಅಲ್ಲ, ಹಸಿರೂ ಅಲ್ಲ, ಹಣ್ಣಾಗುವ ಹಿಂದಿನ ದಿನದ ಬಾಳೆಯ ಬಣ್ಣ. ನಿನ್ನ ನಾದಿನಿ ಇಲ್ಲಿನ ಉಲ್ಲನ್ ಅಂಗಡಿಗಳನ್ನೆಲ್ಲ ಸುತ್ತಿದಳು. ಆ ಬಣ್ಣದ ನೂಲು ಎಲ್ಲೂ ಇಲ್ಲವಂತೆ. ಎಷ್ಟು ಒಗೆದರೂ ಬಣ್ಣ ಒಂದಿಷ್ಟೂ ಬಿಡಲಿಲ್ಲ. ಎಲ್ಲಿ ಕೊಂಡೆ, ಬರೆ.

ಟೇಪಿನ ವಿಷಯ ಮರೆತಿರಲಿಲ್ಲ. ಬರೆಯಲು ಮನಸ್ಸಾಗಿರಲಿಲ್ಲ. ನಾನು ಹೊರಡುವ ಹಿಂದಿನ ದಿನ ನಿನ್ನ ಭಾವ ಬಂದು, ಜಗುಲಿಗೆ ಗೋಡೆ ಕಟ್ಟಿ ಟೈರ್ ಇಡುವ ಗೋದಾಮು ಮಾಡಿಕೊಳ್ಳುತ್ತೇನೆ ಎಂದ. ಮಳೆಗಾಲದಲ್ಲಿ ಅದು ಒಂದೆರಡು ಸಲ ಸೋರಿತ್ತಲ್ಲ. "ಸೋರೋ ಜಗುಲಿ ತಾನೇ, ತಗೊ" ಎಂದುಬಿಟ್ಟೆ. ನಾನು ಫೆಬ್ರವರಿಯಲ್ಲಿ ವಾಪಸು ಬಂದ ಕೂಡಲೇ ಕೆಲಸ ಶುರುಮಾಡುತ್ತಾನೆ. ಇನ್ನು ತಗಡಿನವನ ಬೆನ್ನು ಹತ್ತಬೇಡ. ಮುಚ್ಚಿಹೋಗುವ ಜಗುಲಿಗೆ ಡಾಂಬರು ಯಾಕೆ? ನಿನಗೂ ಗುಡಿಸುವ ಕೆಲಸ ತಪ್ಪಿತು. ಖುಷಿಯಾಗಿರುತ್ತದೆ ಅಂದುಕೊಂಡಿದ್ದೇನೆ.

ಅತ್ತೆ


ಜನವರಿ 4

ಸೊಸೆಗೆ.

ನನ್ನ ಕಾಗದಕ್ಕೆ ಉತ್ತರವಿಲ್ಲ. ನಿನಗೆ ಹುಷಾರಿಲ್ಲವೋ ಎಂದು ಮಗನಿಗೆ ಫೋನ್ ಮಾಡಿಸಿದರೆ "ಚೆನ್ನಾಗಿದ್ದಾಳೆ, ಕೋಪ ಬಂದಿದೆ" ಎಂದನಂತೆ. ಯಾರ ಮೇಲೆ ಎಂದು ಕೇಳಿದರೆ ಅವನಿಗೆ ಒಮ್ಮೆಲೇ ಲಾರಿಯ ನೆನಪಾಯಿತಂತೆ.

ನೀನು ಬರೆಯದಿದ್ದರೆ ಬೇಡ, ನಾನೇ ಬರೆಯುತ್ತೇನೆ. ಈ ಮನೆಯ ಹಿಂದೆ ಬಟ್ಟೆ ಒಗೆಯಲು ತಗಡು ಹೊದಿಸಿದ ಒಂದು ಮೂಲೆಯಿದೆ. ಬೆಳಗಿನ ಚಳಿಯಲ್ಲಿ ಮಗುವಿನ ಬಟ್ಟೆಗಳನ್ನು ಅಲ್ಲೇ ಒಲೆಯಿಟ್ಟು ಕುದಿಸುತ್ತೇವೆ. ನಿನ್ನೆ ಬಗ್ಗಿ ನಿಂತಿದ್ದೆ, ಕತ್ತಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಇಣುಕಿ ನೋಡಿದರೆ ಹೊರಗೆ ಎಳೆಬಿಸಿಲು. ಇನ್ನೊಂದು ಹನಿ ಬಿತ್ತು. ತಗಡಿನ ಒಳಮೈಗೆ ಕೈಯಿಟ್ಟು ನೋಡಿದೆ. ಪೂರ್ತಿ ಒದ್ದೆ. ಮಧ್ಯಾಹ್ನ ಒಲೆ ಆರಿದ ಮೇಲೆ ಮುಟ್ಟಿದರೆ ಒಣಗಿತ್ತು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದರೆ ಒಳಗಡೆ ಹನಿ ನಿಂತಿರುತ್ತದಲ್ಲ, ಅಷ್ಟೇ. ಹಬೆ ಮೇಲೆ ಹೋಗಿ, ತಣ್ಣನೆಯ ತಗಡಿಗೆ ತಾಗಿ, ನೀರಾಗಿ ವಾಪಸು ಬೀಳುತ್ತದೆ.

ಮಳೆಯಿಲ್ಲದೆ ಸೋರುವ ಜಗುಲಿ. ಬೆಳಗಿನ ಹೊತ್ತು ಮಾತ್ರ ಬೀಳುವ ನೀರು. ಯಾವ ಅಂಗಡಿಯಲ್ಲೂ ಸಿಗದ ನೂಲು. ನನ್ನ ಕಿವಿ ಮಂದವಾಗಿರಬಹುದು, ತಲೆ ಮಂದವಾಗಿಲ್ಲ.

ಒಂದೇ ಪ್ರಶ್ನೆ. ನೀನು ಅಲ್ಲಿ ಏನು ಕುದಿಸುತ್ತಿದ್ದೀಯ?

ಅತ್ತೆ


ಜನವರಿ 10

ಅತ್ತೆ,

ಬಣ್ಣ ಕುದಿಸುತ್ತಿದ್ದೇನೆ. ಹಂಡೆ ಅಟ್ಟ ಹತ್ತಲೇ ಇಲ್ಲ. ನಿಮ್ಮ ಬಸ್ಸು ಬೀದಿಯ ತಿರುವು ದಾಟುವ ಹೊತ್ತಿಗೆ ನಾನು ಒಲೆ ಹಚ್ಚಿದ್ದೆ.

ನಾಟಕ ಶಾಲೆಯ ಮೇಡಂ ತಮ್ಮ ರಂಗಮಂದಿರದ ದೊಡ್ಡ ಪರದೆಗೆ ನನ್ನ ಕೈಯಿಂದಲೇ ಬಣ್ಣ ಹಾಕಿಸಬೇಕೆಂದು ಬಂದು ಕೇಳಿದರು, ಅತ್ತೆ. ಊರಿನ ದೊಡ್ಡ ಕಾರ್ಖಾನೆಗಳನ್ನು ಬಿಟ್ಟು ನನ್ನ ಹತ್ತಿರ ಬಂದರು. ನಿಮಗೆ ಹೇಳಿದರೆ ಬೇಡ ಎನ್ನುತ್ತೀರಿ ಎಂದು ಹೇಳಲಿಲ್ಲ. ಪಕ್ಕದ ಮನೆಯವರು ನೋಡಿ ನಿಮ್ಮ ಕಿವಿಗೆ ಹಾಕಬಾರದು ಎಂದು ಜಗುಲಿಯ ಮೂರು ಕಡೆಗೂ ಟಾರ್ಪಾಲ್ ಕಟ್ಟಿದೆ. ಹಬೆ ಹೊರಗೆ ಕಾಣಬಾರದೆಂದು ತಗಡಿನಂಚಿನ ಸಂದುಗಳಿಗೆಲ್ಲ ಚಿಂದಿ ತುರುಕಿದೆ. ಭಾವ ಬರುವ ಸುಳಿವು ಸಿಕ್ಕರೆ ಹಂಡೆಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅರ್ಥವಾಯಿತು, ಸೀಲಿಂಗನ್ನು ಕೊಳೆಸಿದ್ದು ನನ್ನ ಆ ಬಚ್ಚಿಡುವ ಕೆಲಸವೇ. ಒಂದು ಎಳೆ ಹಬೆಯೂ ಹೊರಗೆ ಹೋಗದ ಹಾಗೆ ನಾನೇ ಬಂದೋಬಸ್ತು ಮಾಡಿದ್ದೆ!

ಡಿಸೆಂಬರಿನಲ್ಲಿ ನಿಮ್ಮ ಕಾಗದ ಬಂದ ದಿನವೇ ಮಧ್ಯದ ಪ್ಲೈವುಡ್ ಕಳಚಿ ಬಿತ್ತು. ನೇರ ಹಂಡೆಯೊಳಗೆ. ಪರದೆಯ ಒಂದು ಪಟ್ಟಿ ಹಾಳಾಯಿತು. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ಅಲ್ಲೇ ಕೂತು ಅತ್ತುಬಿಟ್ಟೆ. ಬಟ್ಟೆಗಾಗಿ ಅಲ್ಲ.

ನೀವು ಜಗುಲಿಯನ್ನು ಒಂದು ಮಾತಿಗೆ ಕೊಟ್ಟುಬಿಟ್ಟಿರಿ. ನನ್ನನ್ನು ಕೇಳಬೇಕು ಎಂದು ನಿಮಗೆ ಅನಿಸಲೇ ಇಲ್ಲ. ಅಡುಗೆಮನೆ ನಿಮ್ಮದು, ಕೋಣೆಗಳು ಎಲ್ಲರವು. ಈ ಮನೆಯಲ್ಲಿ ನಾನು ನಾನಾಗಿ ನಿಲ್ಲುವ ಜಾಗ ಅದೊಂದೇ. ಅದು ಹೋದರೆ ನನ್ನ ಕೆಲಸ ಹೋಯಿತು. ನಾನು ಖುಷಿಯಾಗಿಲ್ಲ, ಅತ್ತೆ. ಗುಡಿಸುವುದು ತಪ್ಪಿದ್ದಕ್ಕೆ ಖುಷಿಪಡುವ ಹೆಂಗಸು ನಾನಲ್ಲ.

ಹಾಳಾದ ಪಟ್ಟಿಗೆ ಮತ್ತೆ ಬಣ್ಣ ಹಾಕುತ್ತಿದ್ದೇನೆ. ನಿಲ್ಲಿಸುವುದಿಲ್ಲ. ನೀವು ಬರುವವರೆಗೂ ಜಗುಲಿ ನನಗೇ ಇರಲಿ ಎಂದಷ್ಟೇ ಕೇಳುತ್ತೇನೆ.

ಬಣ್ಣದವಳು


ಜನವರಿ 16

ಬಣ್ಣದವಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಜಗಳಕ್ಕೆ ಬರಲು ಏನೂ ಸಿಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ಕಿವಿ ಹಿಂಡಬೇಕು, ಅದನ್ನು ಬಂದ ಮೇಲೆ ನೋಡೋಣ. ನಿನ್ನನ್ನು ಕೇಳದೆ ಕೊಟ್ಟದ್ದು ತಪ್ಪು. ಎಷ್ಟೋ ವರ್ಷ ನನ್ನನ್ನೂ ಯಾರೂ ಏನನ್ನೂ ಕೇಳಿರಲಿಲ್ಲ. ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು.

ಈಗ ಅಳುವುದನ್ನು ಬಿಟ್ಟು ಕೇಳು. ಮೊದಲು ಟಾರ್ಪಾಲ್ ಬಿಚ್ಚು. ಪಕ್ಕದ ಮನೆಯವಳು ನೋಡಿದರೆ ನೋಡಲಿ, ಕೈಬೀಸು. ಚಿಂದಿಯನ್ನೆಲ್ಲ ಎಳೆದು ಹಾಕು. ಕೊಳೆತ ಪ್ಲೈವುಡ್ಡಿಗೆ ತೇಪೆ ಹಚ್ಚಲು ಹೋಗಬೇಡ, ಒಂದೂ ಬಿಡದೆ ಇಳಿಸು. ತಗಡಿಗೂ ಸೀಲಿಂಗಿಗೂ ಮಧ್ಯೆ ಎರಡೂ ತುದಿಯಲ್ಲಿ ಗಾಳಿ ಓಡಾಡುವಷ್ಟು ಬಾಯಿ ಇರಲಿ. ಹಂಡೆಯನ್ನು ಮಧ್ಯದಿಂದ ಎತ್ತಿ ಹೊರಅಂಚಿಗೆ ಇಡು, ಹಬೆ ಹೊರಗೆ ಹೋಗಲು ಏನಾದರೂ ದಾರಿ ಮಾಡು. ಆಮೇಲೆ ಹೊಸ ಸೀಲಿಂಗ್ ಹೊಡಿ.

ದೊಡ್ಡ ಮಗನಿಗೆ ಮಾತು ಕೊಟ್ಟವಳು ನಾನು, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಆದರೆ ಒಂದು ಷರತ್ತು. ನಾನು ಬಂದ ದಿನ ಹಂಡೆ ಕುದಿಯಬೇಕು, ಸೀಲಿಂಗಿನಿಂದ ನೀರು ಬೀಳಬಾರದು. ಒಂದು ಹನಿ ಬಿದ್ದರೂ ಜಗುಲಿ ಅವನದು. ಅವನೆದುರು ನನ್ನ ಬಾಯಿ ಕಟ್ಟಿಹೋಗುವ ಹಾಗೆ ಮಾಡಬೇಡ.

ಅತ್ತೆ


ಜನವರಿ 28

ಅತ್ತೆ, ಅತ್ತೆ, ಅತ್ತೆ!

ಮುಗಿಯಿತು. ಕೈಯಲ್ಲಿ ಬೊಕ್ಕೆ ಎದ್ದಿವೆ, ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಳೆಯ ಸೀಲಿಂಗ್ ಇಳಿಸಲು ಕಷ್ಟವೇ ಆಗಲಿಲ್ಲ, ಸನಿಕೆ ತಾಗಿಸಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಅದರ ಮೇಲಿಂದ ಒಂದು ರಬ್ಬರ್ ಚೆಂಡು ಉದುರಿತು. ನಿಮ್ಮ ಚಿಕ್ಕ ಮಗ "ಇದು ನಂದು! ಅಣ್ಣ ಕದ್ದಿದ್ದಾನೆ ಅಂತ ಅವತ್ತು ಹೊಡೆದಿದ್ದೆ" ಎಂದು ಅದನ್ನು ಹಿಡಿದು ಕುಣಿದರು. ಮೂವತ್ತು ದಾಟಿದ ಮನುಷ್ಯ!

ಹಲಗೆ ಹೊಡೆಯುವ ಮರದ ಪಟ್ಟಿಗಳೂ ಅರ್ಧದಷ್ಟು ಕೊಳೆತಿದ್ದವು, ಅವನ್ನೂ ಹೊಸದಾಗಿ ಕೂರಿಸಿದೆ. ಹಲಗೆ ಎಲ್ಲಿಂದ ಎಂದು ಕೇಳಿ. ನಾಟಕ ಶಾಲೆಯವರು ಒಂದು ಹಳೆಯ ಅರಮನೆಯನ್ನು ಬಿಸಾಡುತ್ತಿದ್ದರು. ನಾಟಕದ ಅರಮನೆ, ತೆಳುವಾದ ಗಟ್ಟಿ ಹಲಗೆಯ ಗೋಡೆ. ಮೇಡಂ "ಒಯ್ಯಿ, ನಮ್ಮ ರಾಜ ಸತ್ತು ಮೂರು ವರ್ಷ ಆಯ್ತು" ಎಂದರು. ಎರಡೂ ಮುಖಕ್ಕೆ ಎಣ್ಣೆ ಬಣ್ಣ ಬಳಿದಿದ್ದಾರೆ, ನೀರು ಕುಡಿಯುವುದಿಲ್ಲ. ಬಣ್ಣ ಅಳಿಸಲು ಮನಸ್ಸಾಗಲಿಲ್ಲ, ಚಿತ್ರ ಕೆಳಗೆ ಮಾಡಿಯೇ ಹೊಡೆದೆ. ಅವಸರದಲ್ಲಿ ಹಲಗೆಗಳ ಸಾಲು ಅದಲು ಬದಲಾಗಿ ಕಿಟಕಿಯ ಅರ್ಧ ಒಂದು ಮೂಲೆಗೆ, ಇನ್ನರ್ಧ ಇನ್ನೊಂದು ಮೂಲೆಗೆ ಹೋಗಿದೆ. ಆದರೆ ಬಾಗಿಲು ಮಾತ್ರ ಹಿಡಿಕೆ ಸಮೇತ ಹಂಡೆಯ ಪಕ್ಕದಲ್ಲೇ ಪೂರ್ತಿಯಾಗಿ ಕೂತಿದೆ.

ಏಣಿ ಹತ್ತಿದವಳು ನಾನು. ನಿಮ್ಮ ಮಗ ಉದ್ದನೆಯ ಕೋಲಿಗೆ ಅಡ್ಡಪಟ್ಟಿ ಹೊಡೆದು, ನೆಲದ ಮೇಲೆ ನಿಂತೇ ಒಂದೊಂದು ಹಲಗೆಯನ್ನೂ ಮೇಲಕ್ಕೆ ಒತ್ತಿ ಹಿಡಿದರು. ನಾನು ಸ್ಕ್ರೂ ತಿರುಗಿಸಿದೆ. ಕೊನೆಯ ಹಲಗೆಗೆ "ಇದೊಂದು ನಾನೇ" ಎಂದು ಹತ್ತಿಯೇಬಿಟ್ಟರು. ಕಣ್ಣು ಮುಚ್ಚಿಕೊಂಡೇ ಸ್ಕ್ರೂ ಬಿಗಿದರು. ಅದು ನೆಟ್ಟಗೇ ಕೂತಿದೆ.

ತುದಿಗಳಲ್ಲಿ ಗುಬ್ಬಿ ನುಗ್ಗದ ಹಾಗೆ ಜಾಲರಿ ಹಾಕಿದ್ದೇನೆ. ತಗಡಿನವನು ಹಂಡೆಯ ಮೇಲೆ ಗೂಡಿನಂತೆ ತಗಡು ಬಗ್ಗಿಸಿ, ಅದಕ್ಕೆ ಹೊರಗೆ ಹೋಗುವ ಕೊಳವೆ ಕೂರಿಸಿದ. "ಮೊದ್ಲೇ ಹಂಡೆ ತೋರ್ಸಿದ್ರೆ ಅಷ್ಟು ಡಾಂಬರು ಉಳೀತಿತ್ತಲ್ಲಮ್ಮ" ಎಂದು ನಕ್ಕ. ನಾನೂ ನಕ್ಕೆ, ಎಷ್ಟೋ ದಿನದ ಮೇಲೆ.

ಪರದೆ ತಯಾರಾಗಿದೆ. ಆದರೆ ಅದನ್ನು ತೂಗುಹಾಕಿಸಲು ನಾನೇ ಹೋಗಬೇಕು, ನೀವು ಬರುವ ದಿನ ನಾನು ರಂಗಮಂದಿರದ ಊರಿನಲ್ಲಿರುತ್ತೇನೆ. ಹಂಡೆಗೆ ನೀರು ತುಂಬಿಸಿ, ಸೌದೆ ಜೋಡಿಸಿ ಹೋಗುತ್ತೇನೆ. ನಾನು ಕುದಿಸಿ ನೋಡಿದ್ದೇನೆ. ಏನಾಯಿತು ಎಂದು ಬರೆಯುವುದಿಲ್ಲ. ನನ್ನ ಕಾಗದಗಳನ್ನು ನೀವು ನಂಬದಿದ್ದರೂ ಆಯಿತು, ಸೀಲಿಂಗನ್ನು ನಂಬಿ. ನೀವೇ ಬೆಂಕಿ ಹಚ್ಚಿ.

ನಿಮ್ಮ ಸೊಸೆ


ಫೆಬ್ರವರಿ 4

ರಂಗಮಂದಿರದಲ್ಲಿರುವ ನನ್ನ ಸೊಸೆಗೆ, ಜಗುಲಿಯಿಂದ.

ನಿನ್ನೆ ಸಂಜೆ ಬಂದಿಳಿದೆ. ಈ ದಿನ ಬೆಳಗಿನ ಚಳಿ ಬಿಡುವ ಮೊದಲೇ ಒಲೆ ಹಚ್ಚಿದೆ. ನಿನ್ನ ಭಾವನಿಗೆ ಹೇಳಿಕಳಿಸಿದ್ದೆ, ಟೇಪು ಸಮೇತ ಬಂದ. ಜಗುಲಿಯ ನೆಲದ ತುಂಬ ಗುಲಾಬಿ ಹೊದಿಕೆಗಳನ್ನು ಹಾಸಿದೆ. ಒಂದು ಹನಿ ಬಿದ್ದರೂ ಕಪ್ಪಗೆ ಕಾಣಬೇಕು, ಯಾರೂ ಕಣ್ಣಿಗೆ ಮಣ್ಣೆರಚಬಾರದು. ಆಮೇಲೆ ನಡುವೆ ಎರಡು ಕುರ್ಚಿ ಹಾಕಿ ಇಬ್ಬರೂ ಕೂತೆವು.

ನೀರು ಕುದಿಯಿತು. ನಾನು ಇನ್ನಷ್ಟು ಸೌದೆ ಒಟ್ಟಿದೆ. ನಿಜ ಹೇಳುತ್ತೇನೆ, ಕಣ್ಣು ಮಾತ್ರ ಸೀಲಿಂಗಿನ ಮೇಲೇ ಇತ್ತು. ಆ ಮನುಷ್ಯನೋ ಅಂಗೈ ಚಾಚಿಕೊಂಡು ಕೂತಿದ್ದ, ಹನಿ ಬಿದ್ದರೆ ಹಿಡಿಯುವವನಂತೆ. ಹಬೆ ಗೂಡಿನೊಳಗೆ ನುಗ್ಗಿತು, ಕೊಳವೆಯಲ್ಲಿ ಏರಿತು, ಹಿತ್ತಲ ಬೇಲಿಯಾಚೆ ಬೆಳ್ಳಗೆ ಹೋಯಿತು. ಪಕ್ಕದ ಮನೆಯವಳು ಇಣುಕಿದಳು, ನಾನು ಕೈಬೀಸಿದೆ. ಕಾಫಿ ಕುಡಿದೆವು. ಬಿಸಿಲು ಬಂತು. ಹೊದಿಕೆಗಳ ಮೇಲೆ ಮಂಡಿಯೂರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಕೈಯಾಡಿಸಿ ನೋಡಿದೆ. ಒಣ, ಎಲ್ಲೆಲ್ಲೂ ಒಣ! ಈ ವಯಸ್ಸಿನಲ್ಲಿ ನನಗೆ ಕುಣಿಯಬೇಕು ಅನ್ನಿಸಿತು. ಸ್ವಲ್ಪ ಕುಣಿದೆ ಕೂಡ.

"ಅಮ್ಮ, ನಂಗೆ ಮಾತು ಕೊಟ್ಟಿದ್ದೆ" ಎಂದ.

"ಕೊಟ್ಟಿದ್ದೆ. ಸೋರೋ ಜಗುಲಿ ತಗೊ ಅಂದಿದ್ದೆ. ಸೋರೋ ಜಗುಲಿ ಎಲ್ಲಿದೆ ತೋರ್ಸು, ಈಗ್ಲೇ ತಗೊಂಡು ಹೋಗು" ಎಂದೆ.

ಅವನು ತಲೆಯೆತ್ತಿ ಬಹಳ ಹೊತ್ತು ನೋಡಿದ. ಏನಾದರೂ ತಪ್ಪು ಹುಡುಕಲೇಬೇಕಲ್ಲ. "ಅಲ್ಲಮ್ಮ, ಸೀಲಿಂಗಲ್ಲಿ ಬಾಗ್ಲು ಯಾಕಿದೆ?" ಎಂದು ಕೇಳಿದ.

"ಟೈರ್ ಹೊರಗೆ ಹೋಗಕ್ಕೆ" ಎಂದೆ.

ಅವನಿಗೂ ನಗು ತಡೆಯಲಾಗಲಿಲ್ಲ, ಅವನು ಕೆಟ್ಟವನಲ್ಲ. ಅಂಗಡಿಯ ಹಿಂದೆಯೇ ಒಂದು ಶೆಡ್ ಹಾಕಿಕೊಳ್ಳುತ್ತಾನಂತೆ. ಹೋಗುವಾಗ ತಮ್ಮನಿಂದ ಚೆಂಡನ್ನು ಕಿತ್ತುಕೊಂಡು ಹೋದ. ಸುಮ್ಮನೆ ಪೆಟ್ಟು ತಿಂದವನು, ತೆಗೆದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಕಿಟಕಿಯ ಅರ್ಧಗಳನ್ನು ಸರಿಮಾಡಲು ಹೋಗಬೇಡ, ಹಾಗೆಯೇ ಇರಲಿ. ಕುರ್ಚಿಯಲ್ಲಿ ಒರಗಿ ಅವನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಕೂರುವುದು ನನಗೆ ಇಷ್ಟವಾಗಿದೆ. ನಿನ್ನ ಪರದೆ ಮೇಲೇರುವಾಗ ಜನ ಚಪ್ಪಾಳೆ ಹೊಡೆದರೆ ಅದು ನಾಟಕಕ್ಕೆ ಎಂದು ತಿಳಿಯಬೇಡ. ನಾಟಕ ಆಗ ಇನ್ನೂ ಶುರುವಾಗಿರುವುದಿಲ್ಲ.

ಇನ್ನೊಂದು ವಿಷಯ. ಅಷ್ಟು ನೀರು ಕುದಿಯುತ್ತಿತ್ತು, ಚೆಲ್ಲಲು ಮನಸ್ಸು ಬರಲಿಲ್ಲ. ನಿನ್ನ ಡಬ್ಬಿಗಳಲ್ಲಿ ನೀಲಿ ಹುಡುಕಿ, ಗುಲಾಬಿ ಹೊದಿಕೆಗಳನ್ನೆಲ್ಲ ಹಂಡೆಗೆ ಹಾಕಿ ತಿರುವಿದೆ. ಈಗ ಅವು ತಂತಿಯ ಮೇಲೆ ನೇರಳೆ ಬಣ್ಣದಲ್ಲಿ ತೂಗುತ್ತಿವೆ. ಬಣ್ಣ ಒಂದೇ ಸಮ ಕೂತಿಲ್ಲ, ಆದರೂ ನನ್ನ ಕಣ್ಣಿಗೆ ಬಹಳ ಚಂದ. ನನ್ನ ಕೈ ಮಾತ್ರ ಮೊಣಕೈಯವರೆಗೆ ನೀಲಿ, ಸೋಪಿಗೆ ಜಗ್ಗುತ್ತಿಲ್ಲ. ಹೇಗೆ ತೊಳೆಯುವುದು ಎಂದು ಕಾಗದ ಬರೆಯುತ್ತಾ ಕೂರಬೇಡ. ಫೋನ್ ಮಾಡು. ನನಗೀಗ ಪೂರ್ತಿ ಕೇಳಿಸುತ್ತದೆ.

ನಿನ್ನ ಅತ್ತೆ